ನಾಲ್ಕು ಗೆಲುವು, ಹದಿನಾರು ತಿಂಗಳ ಅಧಿಕಾರ: ಸುರೇಶ ಅಂಗಡಿ ಮತ್ತು ಬೆಳಗಾವಿಯ ಮತದಾರ

ಭರತ ಹುಣ್ಣಿಮೆ ಹತ್ತಿರವಾಯಿತೆಂದರೆ ಸವದತ್ತಿ ತಾಲ್ಲೂಕಿನ ಉಗರಗೋಳದ ಮುಂದಿನ ದಾರಿ ತುಂಬಿಹೋಗುತ್ತದೆ. ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ಈ ಊರಿನ ಮುಂದೆ ಚಕ್ಕಡಿ, ಟ್ರ್ಯಾಕ್ಟರು, ಸಾರಿಗೆ ಬಸ್ಸು, ಖಾಸಗಿ ವಾಹನ ಎಲ್ಲವೂ ಸಾಲುಗಟ್ಟುತ್ತವೆ. ಕರ್ನಾಟಕದ ಮೂಲೆಮೂಲೆಯಿಂದ, ಮಹಾರಾಷ್ಟ್ರದಿಂದ, ಗೋವೆಯಿಂದ, ಆಂಧ್ರ-ತೆಲಂಗಾಣಗಳಿಂದ ಜನ ಬರುತ್ತಾರೆ. ಅವರ 'ಉಧೋ ಉಧೋ' ಗುಡ್ಡದ ತುದಿಯವರೆಗೂ ಕೇಳುತ್ತದೆ. ಆದರೆ ಇಷ್ಟು ಜನರಲ್ಲಿ ಒಬ್ಬರೂ ಸವದತ್ತಿಗೆ ರೈಲಿನಲ್ಲಿ ಬಂದಿಳಿದವರಲ್ಲ. ಇಲ್ಲಿ ರೈಲು ನಿಲ್ದಾಣವೇ ಇಲ್ಲ. ದೂರದಿಂದ ರೈಲಿನಲ್ಲಿ ಬರುವವರು ಧಾರವಾಡದಲ್ಲೋ ಬೆಳಗಾವಿಯಲ್ಲೋ ಇಳಿದು ಬಸ್ಸು ಹಿಡಿಯಬೇಕು.

ಸವದತ್ತಿಯದಷ್ಟೇ ಕಥೆಯಲ್ಲ ಇದು. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಪಟ್ಟಣಗಳಿಗೂ ರೈಲು ಬಂದಿಲ್ಲ. ವಿಪರ್ಯಾಸವೆಂದರೆ, ಈ ಸೀಮೆಯ ಮತದಾರರು ಸತತ ನಾಲ್ಕು ಸಲ ಲೋಕಸಭೆಗೆ ಕಳುಹಿಸಿದ ವ್ಯಕ್ತಿಯೇ 2019ರಲ್ಲಿ ಕೇಂದ್ರದ ರೈಲ್ವೆ ರಾಜ್ಯ ಸಚಿವರಾದರು. ಹದಿನಾರು ತಿಂಗಳು ತುಂಬುವುದರೊಳಗೆ ಅವರು ಇನ್ನಿಲ್ಲವಾದರು. ಸುರೇಶ ಚನ್ನಬಸಪ್ಪ ಅಂಗಡಿಯವರ ರಾಜಕೀಯ ಜೀವನವನ್ನು ಅಂಕಿಅಂಶಗಳೊಂದಿಗೆ ನೋಡುತ್ತ ಹೋದರೆ, ಅದು ಒಬ್ಬ ವ್ಯಕ್ತಿಯ ಕಥೆಗಿಂತ ಹೆಚ್ಚಾಗಿ ಒಂದು ಕ್ಷೇತ್ರದ ಕಥೆಯಾಗಿ ಕಾಣುತ್ತದೆ. ಮತದಾರ ತನ್ನ ಸಂಸದನನ್ನು ಯಾವ ಲೆಕ್ಕದ ಮೇಲೆ ಆರಿಸುತ್ತಾನೆ, ಆ ಲೆಕ್ಕದಿಂದ ಅವನಿಗೆ ದಕ್ಕುವುದೇನು ಎಂಬ ಪ್ರಶ್ನೆಗೆ ಬೆಳಗಾವಿಯಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರಡು ಮುಖದ ಕ್ಷೇತ್ರ

ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಅರಭಾವಿ, ಗೋಕಾಕ, ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ, ಬೆಳಗಾವಿ ಗ್ರಾಮೀಣ, ಬೈಲಹೊಂಗಲ, ಸವದತ್ತಿ ಯಲ್ಲಮ್ಮ ಮತ್ತು ರಾಮದುರ್ಗ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮೊದಲು ಸವದತ್ತಿಯ ವಿಧಾನಸಭಾ ಕ್ಷೇತ್ರಕ್ಕೆ ಪರಸಗಡ ಎಂಬ ಹಳೆಯ ಹೆಸರೇ ಇತ್ತು. ಹೆಸರು ಬದಲಾದಾಗ ಗುಡ್ಡದ ದೇವತೆಯೇ ಮತಪಟ್ಟಿಯ ತಲೆಬರಹದಲ್ಲಿ ಬಂದು ಕುಳಿತಳು.

ಜಿಲ್ಲೆಯ ಉಳಿದ ಭಾಗ ಹಂಚಿಹೋಗಿದೆ. ಉತ್ತರದ ಎಂಟು ವಿಧಾನಸಭಾ ಕ್ಷೇತ್ರಗಳು ಚಿಕ್ಕೋಡಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ರಾಣಿ ಚನ್ನಮ್ಮನ ಕಿತ್ತೂರು ಹಾಗೂ ಖಾನಾಪುರ ಎರಡೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿವೆ. ಹೀಗಾಗಿ ಬೈಲಹೊಂಗಲದ ಮತದಾರ ಬೆಳಗಾವಿಯ ಸಂಸದನನ್ನು ಆರಿಸಿದರೆ, ಅವನ ನೆರೆಯ ಕಿತ್ತೂರಿನ ಮತದಾರ ಕಾರವಾರದ ಕರಾವಳಿಯವರ ಜೊತೆ ಸೇರಿ ಇನ್ನೊಬ್ಬ ಸಂಸದನನ್ನು ಆರಿಸುತ್ತಾನೆ.

ಈ ಕ್ಷೇತ್ರಕ್ಕೆ ಎರಡು ಮುಖಗಳಿವೆ. ಬೆಳಗಾವಿ ನಗರ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಮರಾಠಿ ಮಾತನಾಡುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಗಡಿ ತಂಟೆಯ ಬಿಸಿ ತಟ್ಟುವುದು ಅಲ್ಲಿ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳದು ಅಚ್ಚ ಕನ್ನಡದ ಬಯಲು ಸೀಮೆ. ಜೋಳ, ಹತ್ತಿ, ಕಬ್ಬು, ಮಲಪ್ರಭೆಯ ನೀರು, ಬೆಳೆಗೆ ಸಿಗುವ ದರ ಇವೇ ಇಲ್ಲಿಯ ಚಿಂತೆ. ಸಂಸದನಾಗಬೇಕಾದವನು ಈ ಎರಡೂ ಮುಖಗಳನ್ನು ಒಲಿಸಿಕೊಳ್ಳಬೇಕು.

ದಾತಾರರಿಂದ ಬಾಬಾಗೌಡರವರೆಗೆ

1952ರ ಮೊದಲ ಮಹಾಚುನಾವಣೆಯ ಕಾಲಕ್ಕೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ ಎಂಬ ಎರಡು ಲೋಕಸಭಾ ಕ್ಷೇತ್ರಗಳಿದ್ದವು. ಉತ್ತರದಿಂದ ಗೆದ್ದವರು ಕಾಂಗ್ರೆಸ್ಸಿನ ಬಳವಂತರಾವ ನಾಗೇಶರಾವ ದಾತಾರ. ರಾಜ್ಯ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ನಂತರ 1957 ಮತ್ತು 1962ರಲ್ಲಿಯೂ ಅವರೇ ಗೆದ್ದರು. ನೆಹರೂ ಸರ್ಕಾರದಲ್ಲಿ ಗೃಹ ಖಾತೆಯ ರಾಜ್ಯ ಸಚಿವರಾಗಿದ್ದ ದಾತಾರ 1963ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅದೇ ವರ್ಷ ನಡೆದ ಉಪಚುನಾವಣೆಯಲ್ಲಿ ಎಚ್.ವಿ. ಕೌಜಲಗಿ ಆರಿಸಿ ಬಂದರು. ಕೇಂದ್ರದ ರಾಜ್ಯ ಸಚಿವರಾಗಿದ್ದ ಸಂಸದರ ಅಗಲಿಕೆ, ಅದರ ಹಿಂದೆಯೇ ಉಪಚುನಾವಣೆ ಎಂಬ ಈ ಸನ್ನಿವೇಶ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ನಂತರ ಇದೇ ಕ್ಷೇತ್ರದಲ್ಲಿ ಮರುಕಳಿಸಲಿತ್ತು.

1967ರಲ್ಲಿ ಎನ್.ಎಂ. ನಬಿಸಾಬ, 1971 ಮತ್ತು 1977ರಲ್ಲಿ ಎ.ಕೆ. ಕೋಟ್ರಶೆಟ್ಟಿ, ಅನಂತರ 1980, 1984, 1989, 1991ರಲ್ಲಿ ಸತತ ನಾಲ್ಕು ಸಲ ಎಸ್.ಬಿ. ಸಿದ್ನಾಳ ಇಲ್ಲಿಂದ ಆಯ್ಕೆಯಾದರು. ಎಲ್ಲರೂ ಕಾಂಗ್ರೆಸ್ಸಿನವರೇ. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ನೆಲ ಕಚ್ಚಿದರೂ ಬೆಳಗಾವಿ ಕೈಬಿಡಲಿಲ್ಲ. ನಾಲ್ಕು ದಶಕಗಳ ಈ ಕೋಟೆ ಮೊದಲ ಬಾರಿಗೆ ಒಡೆದದ್ದು 1996ರಲ್ಲಿ. ಆಗ ಗೆದ್ದವರು ಜನತಾದಳದ ಶಿವಾನಂದ ಕೌಜಲಗಿ.

1998ರಲ್ಲಿ ಇನ್ನೊಂದು ತಿರುವು. ಬಿಜೆಪಿ ಮೊದಲ ಸಲ ಇಲ್ಲಿ ಗೆದ್ದಿತು. ಗೆಲ್ಲಿಸಿಕೊಟ್ಟವರು ರೈತ ನಾಯಕ ಬಾಬಾಗೌಡ ಪಾಟೀಲ. ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನವಲಗುಂದ-ನರಗುಂದಗಳಲ್ಲಿ ಸಿಡಿದ ಬಂಡಾಯ ಈ ಸೀಮೆಯ ಗಡಿಯಲ್ಲೇ ನಡೆದದ್ದು. ಆ ಅಚ್ಚುಕಟ್ಟಿಗೆ ನೀರು ಹರಿಯುವುದು ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟೆಯಿಂದ. ಆ ಬಿಸಿಯಲ್ಲಿ ಬೆಳೆದ ರೈತ ಚಳವಳಿಯ ಮುಖಂಡರಾಗಿದ್ದ ಬಾಬಾಗೌಡರು 1989ರ ವಿಧಾನಸಭಾ ಚುನಾವಣೆಯಲ್ಲಿ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದು ಅಚ್ಚರಿ ಹುಟ್ಟಿಸಿದ್ದರು. ಹಸಿರು ಶಾಲಿನ ಆ ನಾಯಕ ಬಿಜೆಪಿ ಸೇರಿ ಸಂಸದರಾದರು. ವಾಜಪೇಯಿ ಸರ್ಕಾರದಲ್ಲಿ ಗ್ರಾಮೀಣ ಪ್ರದೇಶ ಮತ್ತು ಉದ್ಯೋಗ ಖಾತೆಯ ರಾಜ್ಯ ಸಚಿವರೂ ಆದರು. ಆದರೆ ಆ ಲೋಕಸಭೆ ಒಂದು ವರ್ಷದಲ್ಲೇ ವಿಸರ್ಜನೆಯಾಯಿತು. 1999ರಲ್ಲಿ ಕಾಂಗ್ರೆಸ್ಸಿನ ಅಮರಸಿಂಹ ಪಾಟೀಲ ಗೆದ್ದು, ಕ್ಷೇತ್ರ ಮತ್ತೆ ಹಳೆಯ ಪಕ್ಷದ ಪಾಲಾಯಿತು.

456 ಹೆಸರುಗಳ ಚುನಾವಣೆ

1996ರ ಚುನಾವಣೆಯನ್ನು ಬೆಳಗಾವಿ ಮಾತ್ರವಲ್ಲ, ದೇಶವೇ ನೆನಪಿಡಲು ಬೇರೊಂದು ಕಾರಣವಿದೆ. ಆ ವರ್ಷ ಬೆಳಗಾವಿಯ ಕಣದಲ್ಲಿ ಉಳಿದಿದ್ದ ಹುರಿಯಾಳುಗಳ ಸಂಖ್ಯೆ 456! ಗಡಿ ಪ್ರಶ್ನೆಯತ್ತ ದೇಶದ ಗಮನ ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿ ತನ್ನ ಬೆಂಬಲಿಗರಿಂದ ನೂರಾರು ನಾಮಪತ್ರ ಹಾಕಿಸಿತ್ತು. ಅದೇ ಚುನಾವಣೆಯಲ್ಲಿ ಆಂಧ್ರದ ನಲ್ಗೊಂಡದಲ್ಲಿ ಕುಡಿಯುವ ನೀರಿನ ಫ್ಲೋರೈಡ್ ಸಮಸ್ಯೆಯನ್ನು ಮುಂದಿಟ್ಟು 480 ಮಂದಿ ಸ್ಪರ್ಧಿಸಿದ್ದರು. ವಿದ್ಯುನ್ಮಾನ ಮತಯಂತ್ರ ಇನ್ನೂ ಬಳಕೆಗೆ ಬಾರದ ಕಾಲ ಅದು. 456 ಹೆಸರು, 456 ಚಿಹ್ನೆಗಳು ಒಂದು ಹಾಳೆಯ ಮತಪತ್ರದಲ್ಲಿ ಹಿಡಿಯುವ ಮಾತಲ್ಲ.

ಇಂಥ ಪ್ರಸಂಗಗಳ ಪರಿಣಾಮ ಕಾನೂನಿನ ಮೇಲಾಯಿತು. ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲೇ ತಿದ್ದುಪಡಿ ತಂದು, ಅದುವರೆಗೆ ಕೇವಲ 500 ರೂಪಾಯಿ ಇದ್ದ ಲೋಕಸಭಾ ಚುನಾವಣೆಯ ಠೇವಣಿಯನ್ನು 10,000 ರೂಪಾಯಿಗೆ ಏರಿಸಲಾಯಿತು. ಪಕ್ಷೇತರರ ನಾಮಪತ್ರಕ್ಕೆ ಹತ್ತು ಮಂದಿ ಸೂಚಕರ ಸಹಿ ಕಡ್ಡಾಯವಾಯಿತು. ಇಂದು ದೇಶದ ಯಾವುದೇ ಮೂಲೆಯಲ್ಲಿ ಪಕ್ಷೇತರನೊಬ್ಬ ನಾಮಪತ್ರ ಸಲ್ಲಿಸುವಾಗ ಹತ್ತು ಸಹಿಗಾಗಿ ಓಡಾಡುವುದರ ಹಿಂದೆ ಬೆಳಗಾವಿಯ ಪಾಲೂ ಇದೆ.

ಗಮನಿಸಬೇಕಾದ ಸಂಗತಿ ಇನ್ನೊಂದು. ವಿಧಾನಸಭೆಗೆ ಬೆಳಗಾವಿ ಸುತ್ತಲಿನಿಂದ ಹಲವು ಸಲ ತನ್ನವರನ್ನು ಕಳುಹಿಸಿದ ಸಮಿತಿ, ಲೋಕಸಭೆಗೆ ಮಾತ್ರ ಒಮ್ಮೆಯೂ ಗೆಲ್ಲಲಿಲ್ಲ. ಕಾರಣ ಸರಳ. ನಗರದ ಸುತ್ತ ಮರಾಠಿ ಮತ ಎಷ್ಟೇ ಒಗ್ಗೂಡಿದರೂ ಗೋಕಾಕದಿಂದ ರಾಮದುರ್ಗದವರೆಗಿನ ಕನ್ನಡ ಸೀಮೆಯ ಮತ ಅದನ್ನು ಮೀರುತ್ತದೆ. ಆದ್ದರಿಂದ ಲೋಕಸಭಾ ಚುನಾವಣೆಯಲ್ಲಿ ಆ ಮತ ಎತ್ತ ವಾಲುತ್ತದೆ ಎಂಬುದೇ ನಿರ್ಣಾಯಕವಾಗುತ್ತ ಬಂದಿದೆ. ಸುರೇಶ ಅಂಗಡಿಯವರ ಯಶಸ್ಸಿನ ಒಂದು ಗುಟ್ಟು ಇಲ್ಲಿದೆ.

ಕೊಪ್ಪದಿಂದ ದಿಲ್ಲಿಗೆ

ಅಂಗಡಿಯವರು ಹುಟ್ಟಿದ್ದು 1955ರ ಜೂನ್ 1ರಂದು, ಬೆಳಗಾವಿ ತಾಲ್ಲೂಕಿನ ಕೆ.ಕೆ. ಕೊಪ್ಪ ಗ್ರಾಮದಲ್ಲಿ. ಬೆಳಗಾವಿಯಲ್ಲಿ ವಾಣಿಜ್ಯ ಪದವಿ ಓದಿ, ಅಲ್ಲಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಕಾನೂನು ಅಭ್ಯಾಸ ಮಾಡಿದರು. ವ್ಯಾಪಾರ-ಉದ್ಯಮದಲ್ಲಿ ಕಾಲೂರಿ, ಮುಂದೆ ಶಿಕ್ಷಣ ಸಂಸ್ಥೆಗಳನ್ನೂ ಕಟ್ಟಿದರು. ಅವರ ಹೆಸರಿನ ಪ್ರತಿಷ್ಠಾನ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕಾಲೇಜು ನಡೆಸುತ್ತಿದೆ.

ರಾಜಕೀಯದಲ್ಲಿ ಅವರದು ಮೆಟ್ಟಿಲು ಮೆಟ್ಟಿಲಾಗಿ ಏರಿದ ದಾರಿ. 1996ರಲ್ಲಿ ಬಿಜೆಪಿ ಜಿಲ್ಲಾ ಘಟಕದ ಉಪಾಧ್ಯಕ್ಷರಾದರು. 2001ರಲ್ಲಿ ಜಿಲ್ಲಾ ಅಧ್ಯಕ್ಷರಾದರು. ಶಾಸಕರಾಗದೆ, ಮಂತ್ರಿಯಾಗದೆ, ಸಂಘಟನೆಯ ಹುದ್ದೆಯಿಂದ ನೇರವಾಗಿ 2004ರಲ್ಲಿ ಲೋಕಸಭೆಯ ಟಿಕೆಟ್ ಪಡೆದರು. ಬಾಬಾಗೌಡರಂತೆ ಅವರ ಹಿಂದೆ ಚಳವಳಿಯ ಬಲವಿರಲಿಲ್ಲ; ಸಿದ್ನಾಳರ ಕಾಲದ ಕಾಂಗ್ರೆಸ್ಸಿಗಿದ್ದಂಥ ಹಳ್ಳಿಹಳ್ಳಿಯ ಬೇರೂ ಅವರ ಪಕ್ಷಕ್ಕೆ ಆಗ ಇರಲಿಲ್ಲ. ಇದ್ದದ್ದು ಜಿಲ್ಲೆ ಸುತ್ತಿ ಗಳಿಸಿದ ಪರಿಚಯ ಮತ್ತು ಯಾರೊಂದಿಗೂ ಗಟ್ಟಿಯಾಗಿ ಹಗೆ ಕಟ್ಟಿಕೊಳ್ಳದ ಸ್ವಭಾವ.

ಅಂಕಿಗಳು ಹೇಳುವ ಕಥೆ

2004ರಲ್ಲಿ ಹಾಲಿ ಸಂಸದ ಅಮರಸಿಂಹ ಪಾಟೀಲರನ್ನು ಸೋಲಿಸಿ ಅಂಗಡಿ ಲೋಕಸಭೆ ಪ್ರವೇಶಿಸಿದರು. ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ 18ನ್ನು ಬಿಜೆಪಿ ಗೆದ್ದಿತು. ಆದರೆ ದಿಲ್ಲಿಯಲ್ಲಿ ವಾಜಪೇಯಿ ಸರ್ಕಾರ ಬಿದ್ದುಹೋಯಿತು. ಹೊಸ ಸಂಸದರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಹತ್ತು ವರ್ಷ ಅಲ್ಲೇ ಕುಳಿತರು.

2009ರ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆಯಾಗಿತ್ತು, ರಾಜ್ಯದಲ್ಲಿ ಬಿಜೆಪಿ ಸರ್ಕಾರ ಬಂದಿತ್ತು. ಅಂಗಡಿ 3,84,324 ಮತ ಪಡೆದರೆ ಎದುರಾಳಿ ಅಮರಸಿಂಹ ಪಾಟೀಲ ಪಡೆದದ್ದು 2,65,637. ಅಂತರ 1,18,687.

2014ರ ಸ್ಪರ್ಧೆ ಬಿಗಿಯಾಯಿತು. ದೇಶದಲ್ಲಿ ಮೋದಿ ಅಲೆ ಎದ್ದಿದ್ದರೂ, ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರವಿತ್ತು. ಲಕ್ಷ್ಮೀ ಹೆಬ್ಬಾಳಕರ ಎದುರಾಳಿಯಾಗಿ ಕ್ಷೇತ್ರವನ್ನೆಲ್ಲ ಸುತ್ತಿದರು. ಅಂಗಡಿಯವರಿಗೆ 5,54,417, ಹೆಬ್ಬಾಳಕರ ಅವರಿಗೆ 4,78,557 ಮತ. ಗೆಲುವಿನ ಅಂತರ 75,860ಕ್ಕೆ ಇಳಿಯಿತು. ಹತ್ತು ವರ್ಷ ಸಂಸದರಾಗಿದ್ದವರು ಮಾಡಿದ್ದೇನು ಎಂಬ ಪ್ರಶ್ನೆ ಆ ಚುನಾವಣೆಯಲ್ಲಿ ಜೋರಾಗಿಯೇ ಕೇಳಿಬಂದಿತ್ತು.

2019ರಲ್ಲಿ ಆ ಪ್ರಶ್ನೆಯೇ ಕೊಚ್ಚಿಹೋಯಿತು. ಅಂಗಡಿ 7,61,991 ಮತ ಗಳಿಸಿದರು, ಕಾಂಗ್ರೆಸ್ಸಿನ ಡಾ. ವಿ.ಎಸ್. ಸಾಧುನವರ 3,70,687ಕ್ಕೆ ನಿಂತರು. ಅಂತರ 3,91,304! ಹಿಂದಿನ ಚುನಾವಣೆಗೆ ಹೋಲಿಸಿದರೆ ಅಂಗಡಿಯವರ ಮತ ಎರಡು ಲಕ್ಷಕ್ಕೂ ಹೆಚ್ಚಿತು, ಕಾಂಗ್ರೆಸ್ಸಿನದು ಒಂದು ಲಕ್ಷಕ್ಕೂ ಕಡಿಮೆಯಾಯಿತು. ಈ ಸಲವೂ ಏಕೀಕರಣ ಸಮಿತಿಯ ಬೆಂಬಲಿಗರು ದೊಡ್ಡ ಸಂಖ್ಯೆಯಲ್ಲಿ ನಾಮಪತ್ರ ಹಾಕಿದ್ದರಿಂದ ಕಣದಲ್ಲಿ 57 ಮಂದಿ ಉಳಿದಿದ್ದರು. ಒಂದು ಮತಯಂತ್ರದಲ್ಲಿ ಹಿಡಿಯುವುದು 16 ಹೆಸರು ಮಾತ್ರ. ಆದ್ದರಿಂದ ಮತಗಟ್ಟೆಗಳಲ್ಲಿ ನಾಲ್ಕು ನಾಲ್ಕು ಯಂತ್ರಗಳನ್ನು ಸಾಲಾಗಿ ಜೋಡಿಸಬೇಕಾಯಿತು. ಇಷ್ಟಾದರೂ ಬಿಜೆಪಿಯ ಮತ ಒಡೆಯಲಿಲ್ಲ.

ಈ ಗೆಲುವುಗಳನ್ನು ವಿವರಿಸುವವರು ಸಾಮಾನ್ಯವಾಗಿ ಮೂರು ಕಾರಣಗಳನ್ನು ಮುಂದಿಡುತ್ತಾರೆ. ಮೊದಲನೆಯದು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಲಿಂಗಾಯತ ಮತಗಳು ಯಡಿಯೂರಪ್ಪನವರ ಕಾಲದಿಂದ ಬಿಜೆಪಿಯತ್ತ ಗಟ್ಟಿಯಾಗಿ ನಿಂತದ್ದು. ಅಂಗಡಿಯವರೂ ಅದೇ ಸಮುದಾಯದವರು. ಎರಡನೆಯದು, ವಿಧಾನಸಭೆಯಲ್ಲಿ ಸಮಿತಿಗೆ ಮತ ಹಾಕುವ ಮರಾಠಿ ಮತದಾರರಲ್ಲಿ ಬಹಳಷ್ಟು ಮಂದಿ ಲೋಕಸಭೆಗೆ ಬಂದಾಗ ರಾಷ್ಟ್ರೀಯ ಪಕ್ಷವೊಂದನ್ನು, ಅದರಲ್ಲೂ ಬಿಜೆಪಿಯನ್ನು ಆರಿಸಿಕೊಂಡದ್ದು. ಮೂರನೆಯದು, ದಿಲ್ಲಿಯ ನಾಯಕತ್ವದ ಪ್ರಶ್ನೆ ಸ್ಥಳೀಯ ಪ್ರಶ್ನೆಗಳನ್ನು ಹಿಂದಕ್ಕೆ ತಳ್ಳಿದ್ದು. ಮೂರೂ ನಿಜವಿರಬಹುದು. ಆದರೆ ಮೂರರಲ್ಲಿಯೂ ಸಂಸದನ ಕೆಲಸದ ಮಾತೇ ಇಲ್ಲ ಎಂಬುದನ್ನು ಮರೆಯುವಂತಿಲ್ಲ.

ರೈಲು ಖಾತೆ ಮತ್ತು ಕಿತ್ತೂರಿನ ಹಳಿ

2019ರ ಮೇ 30ರಂದು ಅಂಗಡಿ ಪ್ರಮಾಣವಚನ ಸ್ವೀಕರಿಸಿದರು. ಪೀಯೂಷ್ ಗೋಯಲ್ ಅವರ ಕೈಕೆಳಗೆ ರೈಲ್ವೆ ರಾಜ್ಯ ಸಚಿವರಾದರು. ಕೆಂಗಲ್ ಹನುಮಂತಯ್ಯ, ಟಿ.ಎ. ಪೈ, ಜಾಫರ್ ಷರೀಫ್, ಮಲ್ಲಿಕಾರ್ಜುನ ಖರ್ಗೆ, ಸದಾನಂದ ಗೌಡ ಮೊದಲಾದವರು ನಡೆಸಿದ ಖಾತೆಗೆ ಕರ್ನಾಟಕದ ಇನ್ನೊಬ್ಬರು ಸೇರಿದಂತಾಯಿತು. ಬೆಳಗಾವಿಯಿಂದ ಬೆಂಗಳೂರಿಗೆ ರಾತ್ರಿಯ ಸೂಪರ್‌ಫಾಸ್ಟ್ ರೈಲು ಅದೇ ವರ್ಷ ಓಡತೊಡಗಿತು. ಸಚಿವರಾಗಿ ಅವರು ಟೀಕೆಗೂ ಗುರಿಯಾದರು. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ವೇಳೆ ರೈಲ್ವೆ ಆಸ್ತಿ ಹಾಳು ಮಾಡುವವರನ್ನು ಕಂಡಲ್ಲಿ ಗುಂಡಿಕ್ಕಬೇಕು ಎಂಬರ್ಥದ ಅವರ ಮಾತು ದೊಡ್ಡ ವಿವಾದವಾಯಿತು.

ಈ ಸೀಮೆಯ ಮಟ್ಟಿಗೆ ಅವರ ಹೆಸರಿನೊಂದಿಗೆ ಉಳಿದಿರುವುದು ಧಾರವಾಡ-ಕಿತ್ತೂರು-ಬೆಳಗಾವಿ ಹೊಸ ರೈಲು ಮಾರ್ಗ. ಈಗ ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ರೈಲು ಖಾನಾಪುರ, ಲೋಂಡಾ, ಅಳ್ನಾವರಗಳ ಮೂಲಕ ಕಾಡು ಸುತ್ತಿ ಸುಮಾರು 120 ಕಿ.ಮೀ. ಸಾಗುತ್ತದೆ. ಹೆದ್ದಾರಿಯಲ್ಲಿ ನೇರವಾಗಿ ಹೋಗುವ ಬಸ್ಸೇ ರೈಲಿಗಿಂತ ಮೊದಲು ಮುಟ್ಟುತ್ತದೆ. ಕಿತ್ತೂರಿನ ಮೂಲಕ ಹಳಿ ಹಾಕಿದರೆ ದೂರ ಸುಮಾರು 73 ಕಿ.ಮೀ.ಗೆ ಇಳಿಯುತ್ತದೆ. ಅಂದಾಜು 927 ಕೋಟಿ ರೂಪಾಯಿಯ ಈ ಯೋಜನೆಯ ವೆಚ್ಚದಲ್ಲಿ ಅರ್ಧ ಪಾಲು ಮತ್ತು ಭೂಮಿ ರಾಜ್ಯ ಸರ್ಕಾರದ್ದೆಂದು ಒಪ್ಪಂದ. 2020ರಲ್ಲಿ ಯೋಜನೆಗೆ ಮಂಜೂರಾತಿ ದೊರೆಯಿತು. ಹಳಿ ಹಾದುಹೋಗುವ ದಾರಿಯಲ್ಲಿ ಸಚಿವರ ಹುಟ್ಟೂರು ಕೆ.ಕೆ. ಕೊಪ್ಪದ ಸುತ್ತಲ ಭಾಗವೂ ಸೇರಿದೆ.

ಮಂಜೂರಾತಿಯೇ ರೈಲಲ್ಲ. ಭೂಸ್ವಾಧೀನ ನಿಧಾನವಾಯಿತು. ಬೆಳಗಾವಿ ಕಡೆಯ ಭಾಗದಲ್ಲಿ ಫಲವತ್ತಾದ ಹೊಲಗಳು ಹೋಗುತ್ತವೆಂದು ರೈತರು ಮಾರ್ಗ ಬದಲಿಸಲು ಪಟ್ಟು ಹಿಡಿದರು. ಸಾವಿರಾರು ಜನರಿಗೆ ಅನುಕೂಲವಾಗುವ ಹಳಿ, ಅದರಡಿ ಹೊಲ ಕಳೆದುಕೊಳ್ಳುವವನಿಗೆ ಅನುಕೂಲವಲ್ಲ. ಅವನ ಮಾತನ್ನು ಅಡ್ಡಿಯೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಈ ಮಾರ್ಗದಲ್ಲಿ ಇನ್ನೂ ರೈಲು ಓಡಿಲ್ಲ. 2025ರ ಆಗಸ್ಟ್ 10ರಂದು ಚಾಲನೆಗೊಂಡ ಬೆಂಗಳೂರು-ಬೆಳಗಾವಿ ವಂದೇ ಭಾರತ್ ರೈಲು ಕೂಡ ಧಾರವಾಡ ದಾಟಿದ ಮೇಲೆ ಆ ಹಳೆಯ ಲೋಂಡಾ ದಾರಿಯನ್ನೇ ಹಿಡಿಯುತ್ತದೆ.

ಇನ್ನು ಗುಡ್ಡದ ದಾರಿಯ ಮಾತು. ಧಾರವಾಡದಿಂದ ಸವದತ್ತಿ, ರಾಮದುರ್ಗಗಳ ಮೂಲಕ ಲೋಕಾಪುರಕ್ಕೆ ಹಳಿ ಹಾಕಿ, ಬಾಗಲಕೋಟೆ-ಕುಡಚಿ ಮಾರ್ಗಕ್ಕೆ ಜೋಡಿಸಬೇಕೆಂಬುದು ಈ ಭಾಗದ ಜನರ ಹಳೆಯ ಬೇಡಿಕೆ. ಹೋರಾಟ ಸಮಿತಿಗಳು ಮನವಿ ಕೊಡುತ್ತಲೇ ಬಂದಿವೆ. ಜನ ಬೇಡುವ ಮಾರ್ಗ ಮತ್ತು ಇಲಾಖೆ ಲಾಭದಾಯಕವೆಂದು ಒಪ್ಪುವ ಮಾರ್ಗ ಒಂದೇ ಆಗಿರುವುದಿಲ್ಲ. ಹೊಸ ಹಳಿ ಹಾಕುವ ಮೊದಲು ಇಲಾಖೆ ಹಾಕಿದ ಹಣಕ್ಕೆ ಎಷ್ಟು ಗಳಿಕೆ ಬಂದೀತೆಂದು ಲೆಕ್ಕ ಹಾಕುತ್ತದೆ. ವರ್ಷಕ್ಕೆ ಕೆಲವು ಹುಣ್ಣಿಮೆಗಳಲ್ಲಿ ಉಕ್ಕಿ ಹರಿಯುವ ಭಕ್ತರ ಪ್ರವಾಹ ಆ ಲೆಕ್ಕದಲ್ಲಿ ಸುಲಭವಾಗಿ ಹಿಡಿಯುವುದಿಲ್ಲ.

ಊರಿಗೆ ಮರಳದ ಸಚಿವ

2020ರ ಸೆಪ್ಟೆಂಬರ್ 14ರಂದು ಸಂಸತ್ತಿನ ಮಳೆಗಾಲದ ಅಧಿವೇಶನ ಆರಂಭವಾಗಬೇಕಿತ್ತು. ಅದಕ್ಕೆ ಮೂರು ದಿನ ಮೊದಲು, 11ರಂದು, ತಮಗೆ ಕೋವಿಡ್ ಸೋಂಕು ತಗುಲಿದೆಯೆಂದೂ ಆರೋಗ್ಯವಾಗಿದ್ದೇನೆಂದೂ ಅಂಗಡಿ ಪ್ರಕಟಿಸಿದರು. ಹನ್ನೆರಡು ದಿನಗಳ ನಂತರ, 23ರ ರಾತ್ರಿ, ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಕೊನೆಯುಸಿರೆಳೆದರು. ವಯಸ್ಸು 65. ಕೋವಿಡ್‌ಗೆ ಬಲಿಯಾದ ಮೊದಲ ಕೇಂದ್ರ ಸಚಿವರು ಅವರು. ಅದಕ್ಕೆ ಒಂದು ವಾರ ಮೊದಲಷ್ಟೇ ರಾಜ್ಯಸಭಾ ಸದಸ್ಯ ರಾಯಚೂರಿನ ಅಶೋಕ ಗಸ್ತಿ ಹಾಗೂ ಆಂಧ್ರದ ತಿರುಪತಿಯ ಸಂಸದ ದುರ್ಗಾಪ್ರಸಾದ ರಾವ್ ಇದೇ ರೋಗಕ್ಕೆ ತುತ್ತಾಗಿದ್ದರು.

ಆ ದಿನಗಳ ನಿಯಮಗಳಂತೆ ಪಾರ್ಥಿವ ಶರೀರವನ್ನು ಬೆಳಗಾವಿಗೆ ತರಲಾಗಲಿಲ್ಲ. ಮರುದಿನ ದಿಲ್ಲಿಯ ದ್ವಾರಕಾದಲ್ಲಿ ಲಿಂಗಾಯತ ವಿಧಿಯಂತೆ ಅಂತ್ಯಕ್ರಿಯೆ ನಡೆಯಿತು. ಹದಿನಾರು ವರ್ಷ ತಮ್ಮನ್ನು ಪ್ರತಿನಿಧಿಸಿದ ವ್ಯಕ್ತಿಯ ಮುಖವನ್ನು ಕೊನೆಯ ಸಲ ನೋಡಲು ಕ್ಷೇತ್ರದ ಜನರಿಗೆ ಆಗಲಿಲ್ಲ. ಆ ವರ್ಷ ಅಸಂಖ್ಯ ಸಾಮಾನ್ಯ ಮನೆಗಳಲ್ಲಿ ನಡೆದದ್ದೂ ಇದೇ. ಮಂತ್ರಿಯ ಮನೆಗೂ ಅದರಿಂದ ವಿನಾಯಿತಿ ಇರಲಿಲ್ಲ.

5,240ರ ಪಾಠ

ಉಪಚುನಾವಣೆ 2021ರ ಏಪ್ರಿಲ್ 17ರಂದು ನಡೆಯಿತು. ಬಿಜೆಪಿ ಅಂಗಡಿಯವರ ಪತ್ನಿ ಮಂಗಲಾ ಅವರನ್ನು ಕಣಕ್ಕಿಳಿಸಿತು. ಕಾಂಗ್ರೆಸ್ ಯಮಕನಮರಡಿಯ ಶಾಸಕ ಸತೀಶ ಜಾರಕಿಹೊಳಿಯವರನ್ನು ನಿಲ್ಲಿಸಿತು. ಏಕೀಕರಣ ಸಮಿತಿ ಈ ಸಲ ನೂರಾರು ಹೆಸರುಗಳ ಹಳೆಯ ಆಟ ಬಿಟ್ಟು, ಶುಭಂ ಶೇಳಕೆ ಎಂಬ ಒಬ್ಬನೇ ಯುವ ಅಭ್ಯರ್ಥಿಯ ಹಿಂದೆ ನಿಂತಿತು. ಶಿವಸೇನೆಯೂ ಬೆಂಬಲ ಕೊಟ್ಟಿತು.

ಮೇ 2ರಂದು ಎಣಿಕೆ. ಫಲಿತಾಂಶ ಕೊನೆಯ ಸುತ್ತುಗಳವರೆಗೂ ತೂಗುಯ್ಯಾಲೆಯಲ್ಲಿತ್ತು. ಮಂಗಲಾ ಅಂಗಡಿ 4,40,327, ಸತೀಶ ಜಾರಕಿಹೊಳಿ 4,35,087, ಶೇಳಕೆ 1,17,174. ಗೆಲುವಿನ ಅಂತರ ಕೇವಲ 5,240. ಎರಡು ವರ್ಷಗಳ ಹಿಂದೆ ಮೂರು ಲಕ್ಷದ ತೊಂಬತ್ತೊಂದು ಸಾವಿರವಿದ್ದ ಅಂತರ ಹೀಗೆ ಕರಗಿತ್ತು. ಆದರೂ ಬೆಳಗಾವಿ ಕ್ಷೇತ್ರದಿಂದ ಲೋಕಸಭೆಗೆ ಹೋದ ಮೊದಲ ಮಹಿಳೆ ಎಂಬ ಹೆಗ್ಗಳಿಕೆ ಮಂಗಲಾ ಅವರದಾಯಿತು.

ಇಷ್ಟು ದೊಡ್ಡ ಇಳಿತ ಹೇಗಾಯಿತು? ಲೆಕ್ಕ ಬಿಡಿಸಿ ನೋಡಿದರೆ, ಬಿಜೆಪಿ ಕಳೆದುಕೊಂಡ ಮತ 3,21,664. ಅದರಲ್ಲಿ ಕಾಂಗ್ರೆಸ್ಸಿಗೆ ಹೆಚ್ಚಿದ್ದು 64,400 ಮಾತ್ರ. ಶೇಳಕೆ ಪಡೆದ ಸುಮಾರು 1.17 ಲಕ್ಷ ಮತಗಳೆಲ್ಲ ಬಿಜೆಪಿಯದೇ ಎಂದು ಹಿಡಿದರೂ ಇನ್ನೂ 1.40 ಲಕ್ಷ ಮತಗಳ ಲೆಕ್ಕ ಉಳಿಯುತ್ತದೆ. ಕೋವಿಡ್ಡಿನ ಎರಡನೆಯ ಅಲೆ ಏರುತ್ತಿದ್ದ ದಿನಗಳಲ್ಲಿ ಮತಗಟ್ಟೆಗೇ ಬಾರದವರು ಅವರು. ಅಂದರೆ ಅಂಗಡಿಯವರ 2019ರ ಮತರಾಶಿ ಮೂರು ಬೇರೆ ಬೇರೆ ಹಳ್ಳಗಳು ಕೂಡಿ ಹರಿದ ಹೊಳೆಯಾಗಿತ್ತು. ಮರಾಠಿ ಮತಕ್ಕೆ ಸ್ವಂತ ಹುರಿಯಾಳು ಸಿಕ್ಕಾಗ, ದಿಲ್ಲಿಯ ನಾಯಕತ್ವ ಪಣದಲ್ಲಿಲ್ಲದಾಗ, ಮತ ಹಾಕುವುದೇ ಅಪಾಯವೆನಿಸಿದಾಗ ಅವು ಒಂದೊಂದಾಗಿ ದಾರಿ ಬದಲಿಸಿದವು.

ಆ ಉಪಚುನಾವಣೆಯ ಫಲಿತಾಂಶ ಬಂದ ತಿಂಗಳಲ್ಲೇ, 2021ರ ಮೇನಲ್ಲಿ, ಬಾಬಾಗೌಡ ಪಾಟೀಲರೂ ತೀರಿಕೊಂಡರು. ಇಲ್ಲಿ ಬಿಜೆಪಿಗೆ ಮೊದಲ ಗೆಲುವು ತಂದವರು, ಆ ಗೆಲುವನ್ನು ರೂಢಿಯಾಗಿಸಿದವರು ಇಬ್ಬರೂ ಎಂಟು ತಿಂಗಳ ಅಂತರದಲ್ಲಿ ಮರೆಯಾದರು.

38 ಮತಗಳ ಕುತೂಹಲ

2023ರ ವಿಧಾನಸಭಾ ಚುನಾವಣೆಯಲ್ಲಿ ಈ ಎಂಟು ಕ್ಷೇತ್ರಗಳ ಪೈಕಿ ಐದನ್ನು ಕಾಂಗ್ರೆಸ್ ಗೆದ್ದಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಅದರ ಪಾಲಾದವು. ಮುಂದಿನ ವರ್ಷ ಲೋಕಸಭೆಯೂ ಕೈಗೆ ಬಂದಂತೆಯೇ ಎಂದು ಹಲವರು ಎಣಿಸಿದ್ದರು. ಮೇಲಾಗಿ ಬಿಜೆಪಿ ಹುರಿಯಾಳಾಗಿ ಬಂದವರು ಹುಬ್ಬಳ್ಳಿಯ ಜಗದೀಶ ಶೆಟ್ಟರ. ಟಿಕೆಟ್ ಸಿಗದೆ 2023ರಲ್ಲಿ ಕಾಂಗ್ರೆಸ್ಸಿಗೆ ಹೋಗಿ, ಸೋತು, 2024ರ ಜನವರಿಯಲ್ಲಷ್ಟೇ ಮರಳಿದ್ದ ಮಾಜಿ ಮುಖ್ಯಮಂತ್ರಿ. ಹೊರಗಿನವರೆಂಬ ಆಕ್ಷೇಪವೂ ಎದ್ದಿತು. ಆದರೆ ಅವರು ಅಂಗಡಿಯವರ ಬೀಗರು. ಎದುರಾಳಿ ಮೃಣಾಲ ಹೆಬ್ಬಾಳಕರ, 2014ರಲ್ಲಿ ಅಂಗಡಿಯವರಿಗೆ ಸರಿಯಾದ ಪೈಪೋಟಿ ಕೊಟ್ಟಿದ್ದ, ಈಗ ಸಚಿವೆಯಾಗಿರುವ ಲಕ್ಷ್ಮೀ ಹೆಬ್ಬಾಳಕರ ಅವರ ಮಗ. ಹತ್ತು ವರ್ಷಗಳ ಹಿಂದಿನ ಸ್ಪರ್ಧೆಯೇ ಎರಡು ಕುಟುಂಬಗಳ ನಡುವೆ ಮತ್ತೊಮ್ಮೆ ನಡೆದಂತಿತ್ತು.

ಶೆಟ್ಟರ 7,62,029 ಮತ ಪಡೆದು 1,78,437 ಮತಗಳ ಅಂತರದಿಂದ ಗೆದ್ದರು. ಮೃಣಾಲರಿಗೆ 5,83,592. 2019ರಲ್ಲಿ ಅಂಗಡಿ ಪಡೆದ ಮತಕ್ಕೂ 2024ರಲ್ಲಿ ಶೆಟ್ಟರ ಪಡೆದ ಮತಕ್ಕೂ ಇರುವ ವ್ಯತ್ಯಾಸ ಬರೀ 38! ಏಳೂವರೆ ಲಕ್ಷ ದಾಟಿದ ಮತರಾಶಿ ಉಪಚುನಾವಣೆಯಲ್ಲಿ ಚದುರಿ, ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ ಮತ್ತೆ ಕೂಡಿಕೊಂಡಿತು. ಹುರಿಯಾಳು ಬೇರೆ, ಊರು ಬೇರೆ, ಮತ ಅಷ್ಟೇ. ಇದು ಶೆಟ್ಟರ ಅವರಿಗೆ ಸಂತಸದ ಸಂಗತಿಯಾದರೆ, ಅಂಗಡಿಯವರ ನಾಲ್ಕು ಗೆಲುವುಗಳಲ್ಲಿ ಅವರ ಸ್ವಂತದ್ದೆಷ್ಟು, ಪಕ್ಷದ್ದೆಷ್ಟು ಎಂಬ ಪ್ರಶ್ನೆಯನ್ನೂ ಎತ್ತುತ್ತದೆ.

ಸತತ ನಾಲ್ಕು ಗೆಲುವಿನ ದಾಖಲೆ ಈ ಕ್ಷೇತ್ರದಲ್ಲಿ ಇಬ್ಬರದು: ಸಿದ್ನಾಳ ಮತ್ತು ಅಂಗಡಿ. ಒಬ್ಬರು ಕಾಂಗ್ರೆಸ್ಸಿನ ಏರುಗಾಲದಲ್ಲಿ, ಇನ್ನೊಬ್ಬರು ಬಿಜೆಪಿಯ ಏರುಗಾಲದಲ್ಲಿ. ಒಮ್ಮೆ ನಂಬಿದರೆ ದೀರ್ಘಕಾಲ ಕೈಬಿಡದಿರುವುದು ಬೆಳಗಾವಿ ಮತದಾರನ ಗುಣ. ಆದರೆ ಅದೇ ಮತದಾರ ವಿಧಾನಸಭೆಗೆ ಒಂದು ಲೆಕ್ಕ, ಲೋಕಸಭೆಗೆ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದಾನೆ. ರಸ್ತೆ, ನೀರು, ಪಡಿತರಕ್ಕೆ ಶಾಸಕನನ್ನು ಹಿಡಿಯುತ್ತಾನೆ. ಸಂಸದನನ್ನು ಆರಿಸುವಾಗ ದಿಲ್ಲಿಯಲ್ಲಿ ಯಾರು ಕೂರಬೇಕೆಂದು ಯೋಚಿಸುತ್ತಾನೆ. ಇದರಿಂದ ಸಂಸದನೇ ಮಾಡಬಹುದಾದ ಕೆಲಸಗಳು ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತವೆ. ರೈಲು ಮಾರ್ಗ ಅಂಥ ಕೆಲಸ. ಅದನ್ನು ಶಾಸಕ ತರಲಾರ. ತರಬಲ್ಲ ಸಂಸದನನ್ನು ಅದರ ಮೇಲೆ ಯಾರೂ ಅಳೆಯುವುದಿಲ್ಲ.

ಅಂಗಡಿಯವರಿಗೆ ಹದಿನಾರು ತಿಂಗಳಿಗಿಂತ ಹೆಚ್ಚು ಸಮಯ ಸಿಕ್ಕಿದ್ದರೆ ಕಿತ್ತೂರಿನ ಹಳಿ ಇಷ್ಟರಲ್ಲಿ ಮುಗಿಯುತ್ತಿತ್ತೇ ಎಂಬುದಕ್ಕೆ ಉತ್ತರವಿಲ್ಲ. ಆದರೆ ಅವರ ನಂತರ ಬಂದವರಿಗೆ ಕಾಗದದ ಮೇಲೆ ಮಂಜೂರಾದ ಒಂದು ಮಾರ್ಗವಂತೂ ಉಳಿದಿದೆ. ಅದರ ಕಲ್ಲು-ಹಳಿಗಳ ಲೆಕ್ಕವನ್ನು ಕೇಳುವವರು ಮತದಾರರೇ ಆಗಬೇಕು. ಅಲ್ಲಿಯವರೆಗೆ ಧಾರವಾಡ ನಿಲ್ದಾಣದಲ್ಲಿ ಇಳಿದು, ಪಡ್ಡಲಗಿ ಹೊತ್ತು, ಸವದತ್ತಿಯ ಬಸ್ಸಿಗೆ ಕಾಯುವ ಭಕ್ತರ ಸಾಲು ಪ್ರತಿ ಹುಣ್ಣಿಮೆಗೂ ಇದ್ದೇ ಇರುತ್ತದೆ.